ಸ್ಥಾವರದ ನೀರಿನ ಬಾಯಿಗೆ ಸಿಕ್ಕುವ ಕಡಲಾಮೆ: ಟವರ್, ಸರಳು, ಬಲೆ, ಯಾವುದು ಯಾರಿಗೆ?

ಇಬ್ಬರು ಓದುಗರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ. ಒಬ್ಬರು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಕರಾವಳಿಯ ವಿದ್ಯುತ್ ಸ್ಥಾವರ ಸಮುದ್ರದಿಂದ ನೀರು ಎಳೆಯುವ ಕಡೆ ಕಡಲಾಮೆ ಸಿಕ್ಕಿಕೊಳ್ಳದಂತೆ ಏನು ಮಾಡಬಹುದು ಅನ್ನೋದು ಅವರ ಪ್ರಾಜೆಕ್ಟ್. ಐದು ದಾರಿ ಪಟ್ಟಿ ಮಾಡಿಕೊಂಡಿದ್ದಾರೆ, ಯಾವುದು ಮೇಲು ಅಂತ ಹೇಳಲು ಆಗುತ್ತಿಲ್ಲ. ಇನ್ನೊಬ್ಬರು ಕರಾವಳಿಯ ಒಂದು ಗ್ರಾಮ ಪಂಚಾಯಿತಿ ಸದಸ್ಯರು. ಊರಿನ ಹತ್ತಿರ ಸಮುದ್ರದ ನೀರು ಬಳಸುವ ಘಟಕವೊಂದು ಬರುವ ಮಾತಿದೆ. ಪರಿಸರ ವರದಿಯಲ್ಲಿ ಆಮೆಗಳ ಬಗ್ಗೆ ಇರೋದು ಒಂದೇ ಸಾಲು: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಅಹವಾಲು ಸಭೆಯಲ್ಲಿ ಎದ್ದು ನಿಂತು ಏನು ಕೇಳಬೇಕು ಅನ್ನೋದು ಅವರ ಚಿಂತೆ.

ಇಬ್ಬರಿಗೂ ಸೇರಿಸಿಯೇ ಉತ್ತರ ಬರೆಯುತ್ತಿದ್ದೇನೆ.

ಆಮೆ ಒಳಗೆ ಹೋಗೋದು ಹೇಗೆ?

ಅಮೆರಿಕದ ಫ್ಲಾರಿಡಾದಲ್ಲಿ ಹಚಿನ್ಸನ್ ಅನ್ನುವ ಉದ್ದನೆಯ ದ್ವೀಪವಿದೆ. ಅದರ ಮೇಲೆ ಸೇಂಟ್ ಲೂಸಿ ಅಣು ವಿದ್ಯುತ್ ಸ್ಥಾವರ. ಮೊದಲ ಘಟಕ 1976ರಲ್ಲಿ ಶುರುವಾಯಿತು, ಎರಡನೆಯದು 1983ರಲ್ಲಿ. ಕಡಲಾಮೆ ಮತ್ತು ಸ್ಥಾವರದ ಬಗ್ಗೆ ಏನು ಮಾತಾಡಿದರೂ ಈ ಜಾಗದ ಹೆಸರು ಬಂದೇ ಬರುತ್ತದೆ. ಆ ದ್ವೀಪದ ಮರಳಿನ ಮೇಲೇ ಆಮೆಗಳು ಮೊಟ್ಟೆ ಇಡುತ್ತವೆ. ಆ ಮರಳಿನ ಅಡಿಯಲ್ಲೇ ಸ್ಥಾವರದ ಪೈಪುಗಳು ಹಾದುಹೋಗುತ್ತವೆ.

ಅಣು ಸ್ಥಾವರದಲ್ಲಿ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕರೆಂಟ್ ಆಗುತ್ತದೆ. ಉಳಿದದ್ದನ್ನು ಎಲ್ಲಾದರೂ ಚೆಲ್ಲಬೇಕು. ಚೆಲ್ಲೋದು ಸಮುದ್ರದ ನೀರಿಗೆ. ಸೇಂಟ್ ಲೂಸಿಯ ಎರಡೂ ಘಟಕ ಸೇರಿ ನಿಮಿಷಕ್ಕೆ ಸುಮಾರು 10 ಲಕ್ಷ ಗ್ಯಾಲನ್ ನೀರು ಎಳೆಯುತ್ತವೆ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥ ಐದು ಟ್ಯಾಂಕರ್, ಪ್ರತಿ ಸೆಕೆಂಡಿಗೆ.

ತೀರದಿಂದ ಸುಮಾರು 365 ಮೀಟರ್ ಆಚೆ, ಸಮುದ್ರದ ತಳದಲ್ಲಿ, ಮೂರು ಪೈಪುಗಳ ಬಾಯಿ ಇದೆ. ಒಳಗೆ ಕಾರು ಓಡಿಸಬಹುದು, ಅಷ್ಟು ಅಗಲ. ಬಾಯಿಯ ಮೇಲೆ ಕಾಂಕ್ರೀಟಿನ ದೊಡ್ಡ ಮುಚ್ಚಳ. ಮುಚ್ಚಳ ಬಾಯಿಗೆ ಅಂಟಿಕೊಂಡಿಲ್ಲ, ಕಂಬಗಳ ಮೇಲೆ ಎತ್ತರದಲ್ಲಿ ಕೂತಿದೆ. ಹಾಗಾಗಿ ನೀರು ಮೇಲಿನಿಂದ ಸುಳಿಯಾಗಿ ಇಳಿಯದೆ ಪಕ್ಕದಿಂದ ಅಡ್ಡಡ್ಡ ಹರಿದು ಒಳಗೆ ಹೋಗುತ್ತದೆ. ಇದನ್ನು ವೆಲಾಸಿಟಿ ಕ್ಯಾಪ್ ಅನ್ನುತ್ತಾರೆ. ಅಡ್ಡ ಹರಿವು ಮೀನಿಗೆ ಗೊತ್ತಾಗುತ್ತದೆ, ಅದು ತಪ್ಪಿಸಿಕೊಳ್ಳುತ್ತದೆ. ಆಮೆಯ ವಿಷಯ ಬೇರೆ. ಬರೀ ಮರಳಿನ ತಳದಲ್ಲಿ ಒಂದು ಬಂಡೆಯಂಥದ್ದು, ಅದರ ಮೇಲೆ ಪಾಚಿ, ಚಿಪ್ಪಿನ ಜೀವಿಗಳು, ಕೆಳಗೆ ನೆರಳು. ಆಮೆಗೆ ಇದು ಊಟವೂ ಹೌದು, ಮಲಗೋ ಜಾಗವೂ ಹೌದು. ಸುಮ್ನೆ ಮುಚ್ಚಳದ ಕೆಳಗೆ ನುಗ್ಗುತ್ತದೆ. ಒಮ್ಮೆ ಪೈಪಿನೊಳಗೆ ಹೋದರೆ ವಾಪಸ್ ಈಜಲು ಸಾಧ್ಯವಿಲ್ಲ. ಕತ್ತಲಲ್ಲಿ ಮೂರು ನಾಲ್ಕು ನಿಮಿಷ ಉರುಳಿಕೊಂಡು ಹೋಗಿ, ಮರಳ ದಿಬ್ಬದ ಈಚೆಗೆ, ಸ್ಥಾವರದ ಕಾಲುವೆಯಲ್ಲಿ ಏಳುತ್ತದೆ.

1976ರಿಂದ ಹೀಗೆ ಬಂದ ಆಮೆಗಳು ಸಾವಿರ ಸಾವಿರ. ಬಹುಪಾಲು ಲಾಗರ್‌ಹೆಡ್ ಮತ್ತು ಹಸಿರು ಕಡಲಾಮೆ. ಲೆದರ್‌ಬ್ಯಾಕ್, ಹಾಕ್ಸ್‌ಬಿಲ್, ಕೆಂಪ್ಸ್ ರಿಡ್ಲೆಯೂ ಆಗಾಗ. ಇವುಗಳಲ್ಲಿ ಹೆಚ್ಚಿನವು ಜೀವಂತ ಸಮುದ್ರಕ್ಕೆ ವಾಪಸ್ ಹೋಗಿವೆ. ಅದು ಹೇಗೆ ಅನ್ನೋದೇ ಈ ಹೋಲಿಕೆಯ ತಿರುಳು, ಆಮೇಲೆ ಬರುತ್ತೇನೆ.

ಅಳತೆಗೋಲು ಮೊದಲು

ಯಾವ ಸಾಧನ ಒಳ್ಳೆಯದು ಅಂತ ಕೇಳುವ ಮುಂಚೆ ಯಾವುದರಿಂದ ಅಳೆಯೋದು ಅಂತ ಗೊತ್ತಿರಬೇಕು. ನನ್ನ ಪಟ್ಟಿಯಲ್ಲಿ ಮೊದಲನೆಯದೇ ದೊಡ್ಡದು, ಉಳಿದವು ಅದರ ಹಿಂದೆ.

ಮೊದಲನೆಯದು ಉಸಿರು. ಕಡಲಾಮೆಗೆ ಕಿವಿರು ಇಲ್ಲ, ಶ್ವಾಸಕೋಶ ಇದೆ. ಹಾಯಾಗಿ ತಳದಲ್ಲಿ ಮಲಗಿದ ಆಮೆ ಗಂಟೆಗಟ್ಟಲೆ ಉಸಿರು ಹಿಡಿದಿರಬಲ್ಲದು. ಆದರೆ ಸಿಕ್ಕಿಹಾಕಿಕೊಂಡು ಒದ್ದಾಡುವಾಗ ಆ ಗಾಳಿ ಬೇಗ ಖಾಲಿಯಾಗುತ್ತದೆ. ಎಷ್ಟು ಬೇಗ? ಇದಕ್ಕೆ ಮೀನುಗಾರಿಕೆಯಿಂದ ಒಂದು ಅಂದಾಜು ಸಿಗುತ್ತದೆ. ಅಮೆರಿಕದಲ್ಲಿ ಸಿಗಡಿ ಹಿಡಿಯುವ ಕೆಲವು ಬಗೆಯ ದೋಣಿಗಳಿಗೆ, ಬಲೆಯಲ್ಲಿ ಆಮೆ ಹೊರಹೋಗುವ ಸಾಧನ ಇಲ್ಲದಿದ್ದರೆ, ಬಲೆ ಎಳೆಯುವ ಸಮಯಕ್ಕೆ ಮಿತಿ ಇದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 55 ನಿಮಿಷ, ನವೆಂಬರ್‌ನಿಂದ ಮಾರ್ಚ್‌ವರೆಗೆ 75 ನಿಮಿಷ. ಅಷ್ಟರೊಳಗೆ ಬಲೆ ಮೇಲೆತ್ತಬೇಕು. ಬೆಚ್ಚನೆ ನೀರಲ್ಲಿ ಸಮಯ ಕಡಿಮೆ ಅನ್ನೋದನ್ನೂ ಗಮನಿಸಿ. ನಮ್ಮ ಅರಬ್ಬಿ ಸಮುದ್ರ ವರ್ಷಪೂರ್ತಿ ಬೆಚ್ಚಗೇ ಇರುತ್ತದೆ. ಹಾಗಾಗಿ ಯಾವ ಸಾಧನವೇ ಇರಲಿ, ಎರಡು ಪ್ರಶ್ನೆ: ಸಿಕ್ಕಿಬಿದ್ದ ಆಮೆ ತಲೆ ನೀರಿನ ಮೇಲೆ ಎತ್ತಬಹುದಾ? ಎತ್ತಲಾಗದಿದ್ದರೆ, ಮುಕ್ಕಾಲು ಗಂಟೆಯೊಳಗೆ ಯಾರಾದರೂ ಅದರ ಹತ್ತಿರ ಬರುತ್ತಾರಾ?

ಎರಡನೆಯದು ಗಾತ್ರ. ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆಯ ಚಿಪ್ಪು 60–70 ಸೆಂ.ಮೀ. ಅದರ ಮರಿ ಬೆರಳುದ್ದವೂ ಇಲ್ಲ, 4 ಸೆಂ.ಮೀ. ಆಸುಪಾಸು. ದೊಡ್ಡದನ್ನು ತಡೆಯುವ ಸರಳು ಎಳೆಯದನ್ನು ಬಿಟ್ಟುಬಿಡುತ್ತದೆ. ಎಲ್ಲವನ್ನೂ ತಡೆಯುವ ಜಾಲರಿ ಕಸದಿಂದ ಕಟ್ಟಿಕೊಳ್ಳುತ್ತದೆ.

ಮೂರನೆಯದು ಬಾಯಿಯ ಹತ್ತಿರ ನೀರಿನ ವೇಗ. ಅಮೆರಿಕದ 2014ರ ನಿಯಮದಲ್ಲಿ ಸ್ಥಾವರಗಳಿಗೆ ಇರುವ ದಾರಿಗಳಲ್ಲಿ ಒಂದು, ಜಾಲರಿಯೊಳಗೆ ಹೋಗುವ ನೀರಿನ ವೇಗವನ್ನು ಸೆಕೆಂಡಿಗೆ ಅರ್ಧ ಅಡಿ, ಅಂದರೆ ಸುಮಾರು 15 ಸೆಂ.ಮೀ.ಗೆ ಇಳಿಸೋದು. ಆ ವೇಗದಲ್ಲಿ ಹೆಚ್ಚಿನ ಮೀನು ಈಜಿಕೊಂಡು ಪಾರಾಗುತ್ತದೆ, ಆಮೆಯಂತೂ ಆರಾಮಾಗಿ. ಆದರೆ ವರದಿಯಲ್ಲಿ ಬರೆಯುವ ವೇಗ ಹೊಸ, ಶುದ್ಧ ಜಾಲರಿಯದ್ದು. ಅರ್ಧ ಜಾಲರಿ ಪಾಚಿಯಿಂದ ಮುಚ್ಚಿದರೆ ಉಳಿದ ಅರ್ಧದಲ್ಲಿ ವೇಗ ಎರಡರಷ್ಟು. ಈ ಲೆಕ್ಕ ಕೇಳಿ ಪಡೆಯಿರಿ.

ಇನ್ನು ದುಡ್ಡು. ಕಟ್ಟುವ ದಿನದ ಖರ್ಚು ಎಲ್ಲರೂ ಹೇಳುತ್ತಾರೆ. ಮೂವತ್ತು ವರ್ಷ ದಿನಾ ತೊಳೆಯೋದು, ಕಾಯೋದು, ಸಂಬಳ ಕೊಡೋದು, ಇದು ವರದಿಯಲ್ಲಿ ಎಲ್ಲೋ ಕೊನೆಯ ಪುಟದಲ್ಲಿರುತ್ತದೆ, ಇದ್ದರೆ.

ಕೂಲಿಂಗ್ ಟವರ್: ನೀರೇ ಕಡಿಮೆ ಎಳೆಯೋದು

ಒಂದೇ ನೀರನ್ನು ಟವರಿನಲ್ಲಿ ತಣ್ಣಗಾಗಿಸಿ ಮತ್ತೆ ಮತ್ತೆ ತಿರುಗಿಸಿದರೆ ಸಮುದ್ರದಿಂದ ಎಳೆಯುವ ನೀರು ತುಂಬ ಇಳಿಯುತ್ತದೆ. ಉಪ್ಪುನೀರಾದರೆ ವಿನ್ಯಾಸ ನೋಡಿಕೊಂಡು ಶೇ 70ರಿಂದ 96ರವರೆಗೆ ಉಳಿತಾಯ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ. ಎಳೆತ ಕಡಿಮೆಯಾದರೆ ಆಮೆ ಬರೋದೂ ಕಡಿಮೆ. ಮೀನಿನ ಮೊಟ್ಟೆ, ಸಿಗಡಿ ಮರಿ ಸಾಯೋದೂ ಕಡಿಮೆ. ಮುಂದೆ ಹೇಳುವ ಯಾವ ಬಲೆಯೂ ಸರಳೂ ಮೀನಿನ ಮೊಟ್ಟೆ ಉಳಿಸುವುದಿಲ್ಲ. ಮೀನುಗಾರರ ಊರಲ್ಲಿ ಈ ಮಾತಿಗೆ ತೂಕ ಜಾಸ್ತಿ.

ಹಾಗಾದರೆ ಟವರೇ ಗೆದ್ದಿತು ಅಲ್ವಾ? ಅಷ್ಟು ಸುಲಭ ಇಲ್ಲ. ಹೊಸ ಸ್ಥಾವರಕ್ಕೆ ಮೊದಲೇ ಸೇರಿಸಿ ಕಟ್ಟಿದರೆ ಖರ್ಚು ತಡೆದುಕೊಳ್ಳಬಹುದು. ಹಳೆಯದಕ್ಕೆ ಆಮೇಲೆ ಜೋಡಿಸೋದು ಬೇರೆಯೇ ಕಥೆ. ನ್ಯೂಜೆರ್ಸಿಯ ಆಯ್‌ಸ್ಟರ್ ಕ್ರೀಕ್ ಸ್ಥಾವರವನ್ನೇ ನೋಡಿ. ಅಲ್ಲಿ ಪಂಪಿನ ಮುಂದೆ ಕಸ ತಡೆಯುವ ಸರಳಿಗೂ ಕೆಂಪ್ಸ್ ರಿಡ್ಲೆ ಆಮೆಗಳು ಬಂದು ಸಿಕ್ಕುತ್ತಿದ್ದವು. ಟವರ್ ಕಟ್ಟಬೇಕು ಅಂತ ರಾಜ್ಯ ಪಟ್ಟು ಹಿಡಿಯಿತು. ಕಂಪನಿ 2010ರಲ್ಲಿ ಒಪ್ಪಂದಕ್ಕೆ ಬಂತು: ಟವರ್ ಕಟ್ಟುವುದಿಲ್ಲ, ಬದಲಿಗೆ ಸ್ಥಾವರವನ್ನೇ ಹತ್ತು ವರ್ಷ ಮುಂಚೆ ಮುಚ್ಚುತ್ತೇವೆ. 2018ರ ಸೆಪ್ಟೆಂಬರಿನಲ್ಲಿ ಮುಚ್ಚಿಯೂ ಬಿಟ್ಟರು.

ಇನ್ನೊಂದು ತೊಡಕು ನಮ್ಮವರಿಗೆ ಚೆನ್ನಾಗಿ ಗೊತ್ತು. ಉಡುಪಿ ಜಿಲ್ಲೆಯ ಯಲ್ಲೂರಿನಲ್ಲಿರುವ 1200 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಸಮುದ್ರದ ನೀರನ್ನು ಟವರಿನಲ್ಲಿ ತಣ್ಣಗಾಗಿಸುತ್ತದೆ. ಆಮೆಯ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಟವರಿನಿಂದ ಏಳುವ ಹನಿಯಲ್ಲಿ ಉಪ್ಪಿರುತ್ತದೆ. ಆ ಉಪ್ಪು ಗಾಳಿಯಲ್ಲಿ ಬಂದು ಗದ್ದೆ ತೋಟದ ಮೇಲೆ ಕೂರುತ್ತದೆ ಅನ್ನೋದು ಸುತ್ತಲಿನ ರೈತರ ದೂರಾಗಿತ್ತು. ಮಲ್ಲಿಗೆ ಕೃಷಿಯನ್ನೇ ನಂಬಿದ ಮನೆಗಳಿರುವ ಸೀಮೆ ಅದು. ಹಾಗಾಗಿ ಟವರ್ ಆರಿಸಿಕೊಂಡರೆ ಹನಿ ತಡೆಯುವ ಪಟ್ಟಿಗಳು ಯಾವ ದರ್ಜೆಯವು, ಗಾಳಿ ಯಾವ ಕಡೆ ಬೀಸುತ್ತದೆ, ಆ ದಿಕ್ಕಿನಲ್ಲಿ ಏನು ಬೆಳೆ ಇದೆ ಅನ್ನೋದನ್ನೂ ಜೊತೆಯಲ್ಲೇ ಕೇಳಬೇಕು. ಆಮೆ ಉಳಿಸಲು ಹೋಗಿ ಮಲ್ಲಿಗೆ ಸುಟ್ಟರೆ ಊರು ಒಪ್ಪುವುದಿಲ್ಲ.

ಬಾಯಲ್ಲೇ ಸರಳು

ಪೈಪಿನ ಬಾಯಿಗೆ ಕಬ್ಬಿಣದ ಸರಳು ಹಾಕಿದರೆ ಆಮೆ ಒಳಗೇ ಬರೋದಿಲ್ಲ. ಕೇಳಲು ಎಷ್ಟು ಸರಳ! ಕ್ಯಾಲಿಫೋರ್ನಿಯಾ 2010ರಲ್ಲಿ ತಂದ ನೀತಿಯಲ್ಲಿ ಇದೇ ಇದೆ: ಸಮುದ್ರದೊಳಗೆ ಬಾಯಿ ಇರುವ ಸ್ಥಾವರಗಳು ಸರಳು ಹಾಕಬೇಕು, ಸರಳುಗಳ ನಡುವೆ 9 ಇಂಚಿಗಿಂತ ಜಾಸ್ತಿ ಅಂತರ ಇರಬಾರದು. ಒಂಬತ್ತು ಇಂಚು ಅಂದರೆ ಸುಮಾರು 23 ಸೆಂ.ಮೀ. ಸೀಲ್, ಸೀ ಲಯನ್, ದೊಡ್ಡ ಆಮೆ ತಡೆಯಲು ಸಾಕು. ಊಟದ ತಟ್ಟೆಯಷ್ಟಿರುವ ಎಳೆಯ ಹಸಿರು ಆಮೆ ಓರೆಯಾಗಿ ನುಸುಳಿಬಿಡುತ್ತದೆ. ದೋಣಿ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಲ್ಲಿ ಆಮೆ ತಪ್ಪಿಸಲು ಹಾಕುವ ಸಾಧನದಲ್ಲಿ ಸರಳಿನ ಅಂತರ 4 ಇಂಚು ಮಾತ್ರ. ಹಾಗಾದರೆ ಇಲ್ಲೂ 4 ಇಂಚು ಹಾಕಿಬಿಡೋಣ ಅಂದರೆ?

ಟ್ರಾಲ್ ಬಲೆಯನ್ನು ದಿನಾ ಮೇಲೆತ್ತಿ ತೊಳೆಯುತ್ತಾರೆ. ಸಮುದ್ರದ ತಳದ ಸರಳನ್ನು ಯಾರು ತೊಳೆಯಬೇಕು? ಉಷ್ಣವಲಯದ ನೀರಲ್ಲಿ ಕಬ್ಬಿಣ ಇಳಿಬಿಟ್ಟರೆ ಕೆಲವೇ ವಾರದಲ್ಲಿ ಬಾರ್ನಕಲ್ ಅನ್ನುವ ಗಟ್ಟಿ ಚಿಪ್ಪಿನ ಜೀವಿ ಹತ್ತುತ್ತದೆ, ಆಮೇಲೆ ಪಚ್ಚಿಲೆ ಚಿಪ್ಪು. ಸರಳು ದಪ್ಪಗಾಗುತ್ತದೆ, ಸಂದು ಕಿರಿದಾಗುತ್ತದೆ, ವೇಗ ಏರುತ್ತದೆ. ಆಗ ಸರಳಿಗೆ ಆತುಕೊಂಡ ಆಮೆ ಬಿಡಿಸಿಕೊಳ್ಳಲಾಗದೆ ನೀರಿನಡಿಯಲ್ಲೇ ಉಳಿಯುತ್ತದೆ. ಮೊದಲ ಅಳತೆಗೋಲು ನೆನಪಿದೆಯಲ್ಲ? ತಲೆ ಎತ್ತಲು ಜಾಗವಿಲ್ಲ, ನೋಡುವವರೂ ಇಲ್ಲ. ಸತ್ತದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಕಾಲುವೆಯಲ್ಲಿ ಸತ್ತರೆ ಕನಿಷ್ಠ ಒಂದು ಪುಸ್ತಕದಲ್ಲಿ ದಾಖಲಾಗುತ್ತದೆ.

ಜೆಲ್ಲಿಫಿಶ್ ಬಂದರಂತೂ ಮುಗಿದೇ ಹೋಯಿತು. 2011ರ ಆಗಸ್ಟಿನಲ್ಲಿ ಸೇಂಟ್ ಲೂಸಿಗೆ ಜೆಲ್ಲಿಫಿಶ್ ದಂಡು ನುಗ್ಗಿ ಒಂದು ಘಟಕವನ್ನೇ ನಿಲ್ಲಿಸಬೇಕಾಯಿತು. ಅಣು ಸ್ಥಾವರದಲ್ಲಿ ನೀರಿನ ದಾರಿ ಕಟ್ಟಿಕೊಳ್ಳೋದು ಬರೀ ಆಮೆಯ ಪ್ರಶ್ನೆ ಅಲ್ಲ, ಸ್ಥಾವರವನ್ನು ತಣ್ಣಗಿಡುವ ಪ್ರಶ್ನೆಯೂ ಹೌದು. ಬಾಯಿಗೆ ಕಿರಿದಾದ ಸಂದು ಅಂದ ಕೂಡಲೇ ಎಂಜಿನಿಯರುಗಳು ಮುಖ ಗಂಟಿಕ್ಕೋದು ಸುಮ್ನೆ ಅಲ್ಲ.

ನಮ್ಮ ಪಶ್ಚಿಮ ಕರಾವಳಿಗೆ ಇನ್ನೂ ಒಂದು ಕಷ್ಟ ಇದೆ: ಮಳೆಗಾಲ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಯೇ 61 ದಿನ ನಿಂತಿರುತ್ತದೆ. ಆ ಕಡಲಿಗೆ ಮುಳುಗುಗಾರನನ್ನು ಇಳಿಸಿ ಸರಳು ತೊಳೆಸುತ್ತೇವೆ ಅಂತ ಯಾರಾದರೂ ಬರೆದುಕೊಟ್ಟರೆ, ಅವರು ಆಷಾಢದಲ್ಲಿ ಮಲ್ಪೆ ಕಡೆ ಬಂದಿಲ್ಲ ಅಂತ ಅರ್ಥ. ನದಿಗಳು ಕೊಚ್ಚಿ ತರುವ ಮರ, ಪ್ಲಾಸ್ಟಿಕ್ ಎಲ್ಲ ಬಂದು ಬಡಿಯೋದೂ ಅದೇ ತಿಂಗಳುಗಳಲ್ಲಿ.

ಸರಳು ಬೇಡವೇ ಬೇಡ ಅನ್ನುತ್ತಿಲ್ಲ. ಬಾಯಿ ತುಂಬ ಅಗಲ ಮಾಡಿ ವೇಗ ಇಳಿಸಿದ್ದರೆ, ಸರಳನ್ನು ಕ್ರೇನಿನಿಂದ ಮೇಲೆತ್ತಿ ತೊಳೆಯುವಂತೆ ಮಾಡಿದ್ದರೆ, ಇದು ಒಳ್ಳೆಯ ದಾರಿ. ಜೆಟ್ಟಿಯ ತುದಿಯಲ್ಲಿ ಬಾಯಿ ಇದ್ದರೆ ಇನ್ನೂ ಸುಲಭ. ತಮಿಳುನಾಡಿನ ಕಲ್ಪಾಕ್ಕಂ ಸ್ಥಾವರದಲ್ಲಿ ಸಮುದ್ರತಳದ ಅಡಿಯಲ್ಲಿ 468 ಮೀಟರ್ ಸುರಂಗವಿದೆ, ಅದರ ಬಾಯಿಯವರೆಗೆ ಜೆಟ್ಟಿ ಹೋಗುತ್ತದೆ. ಮನುಷ್ಯ ನಡೆದು ಹೋಗಿ ನೋಡಬಹುದಾದ ಬಾಯಿಗೂ ದೋಣಿ ಬೇಕಾದ ಬಾಯಿಗೂ ಅಜಗಜಾಂತರ.

ಒಳಗೆ ಬಿಟ್ಟುಕೊಂಡು ಹಿಡಿಯೋದು: ಕಾಲುವೆಯ ಬಲೆ

ಈಗ ಸೇಂಟ್ ಲೂಸಿಗೆ ವಾಪಸ್ ಬರೋಣ. ಅಲ್ಲಿನವರು ಮಾಡಿದ್ದು ಉಲ್ಟಾ ಯೋಚನೆ. ಬಾಯಲ್ಲಿ ತಡೆಯಲಾಗದಿದ್ದರೆ, ಬಂದದ್ದು ಬದುಕುವಂತೆ ನೋಡಿಕೊಳ್ಳೋಣ.

ಕಾಲುವೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, ಮೇಲೆ ಆಕಾಶ. ಪೈಪಿನಿಂದ ಹೊರಬಂದ ಆಮೆಗೆ ಮೊದಲು ಸಿಗೋದು ಉಸಿರು. 1978ರಲ್ಲಿ ಕಾಲುವೆಗೆ ಅಡ್ಡಲಾಗಿ 8 ಇಂಚು ಕಣ್ಣಿನ ಬಲೆ ಕಟ್ಟಿದರು. ದೊಡ್ಡ ಲಾಗರ್‌ಹೆಡ್‌ಗಳಿಗೆ ಸರಿಹೋಯಿತು. ತೊಂಬತ್ತರ ದಶಕದಲ್ಲಿ ಎಳೆಯ ಹಸಿರು ಆಮೆಗಳು ದಿಢೀರನೆ ಜಾಸ್ತಿ ಬರತೊಡಗಿದವು. ಅವು 8 ಇಂಚಿನ ಕಣ್ಣಲ್ಲಿ ತೂರಿಕೊಂಡು ಪಂಪಿನ ಕಡೆ ಹೋಗುತ್ತಿದ್ದವು. 1996ರಲ್ಲಿ ಅದರ ಮುಂದೆ, ಸಮುದ್ರಕ್ಕೆ ಹತ್ತಿರದಲ್ಲಿ, 5 ಇಂಚು ಕಣ್ಣಿನ ಇನ್ನೊಂದು ಬಲೆ ಬಂತು.

ಈ ಬಲೆ ಕಟ್ಟಿದ ರೀತಿ ನೋಡಿ. ನೇರ ಗೋಡೆಯಂತೆ ಇಳಿಬಿಟ್ಟಿಲ್ಲ. ಬಲೆಯ ಬುಡ ನೀರು ಬರುವ ಕಡೆಗೆ ಮುಂದಕ್ಕಿದೆ, ಮೇಲ್ತುದಿ ಹಿಂದಕ್ಕಿದೆ, 45 ಡಿಗ್ರಿ ಓರೆ. ಸುಸ್ತಾದ ಆಮೆಯನ್ನು ನೀರು ಬಲೆಗೆ ಒತ್ತಿದರೆ ಅದು ಅಲ್ಲೇ ಅಂಟಿಕೊಳ್ಳದೆ, ಇಳಿಜಾರಿನ ಮೇಲೆ ಜಾರಿದಂತೆ ಮೇಲಕ್ಕೆ ಬರುತ್ತದೆ. ತಲೆ ನೀರಿನ ಮೇಲೆ. ಬಲೆಯ ಓರೆ ಬದಲಿಸಿದ್ದು ಅಷ್ಟೇ, ಬದುಕು ಸಾವಿನ ಫರಕು. ವಿದ್ಯಾರ್ಥಿನಿಗೆ ಒಂದು ಮಾತು: ನಿಮ್ಮ ಪ್ರಾಜೆಕ್ಟಿನಲ್ಲಿ ಬಲೆಯ ಚಿತ್ರ ಬರೆದರೆ ಈ ಓರೆಯನ್ನು ಮರೆಯಬೇಡಿ.

ಆಮೇಲೆ ಹಿಡಿಯೋದು. ಹಗಲು ಹೊತ್ತು ದೊಡ್ಡ ಕಣ್ಣಿನ ಹಗುರ ಬಲೆಯನ್ನು ಕಾಲುವೆಯಲ್ಲಿ ಬಿಡುತ್ತಾರೆ. ಅದರ ಅಡಿಗೆ ಸೀಸದ ಗುಂಡು ಇರುವುದಿಲ್ಲ. ಸಿಕ್ಕ ಆಮೆ ಬಲೆಯನ್ನೂ ಎಳೆದುಕೊಂಡೇ ಮೇಲೆ ಬಂದು ಉಸಿರಾಡುತ್ತದೆ. ಕಾಯುವವರು ದೋಣಿಯಲ್ಲಿ ಹೋಗಿ ಬಿಡಿಸುತ್ತಾರೆ. ನೀರು ತಿಳಿಯಾಗಿದ್ದರೆ ಮುಳುಗಿ ಕೈಯಲ್ಲೇ ಹಿಡಿಯುತ್ತಾರೆ, ಚಿಕ್ಕದಾದರೆ ಕೈಬಲೆ. ಅಳೆದು, ತೂಗಿ, ರೆಕ್ಕೆಗಾಲಿಗೆ ಲೋಹದ ಬಿಲ್ಲೆ ಹಾಕಿ, ಆರೋಗ್ಯವಾಗಿದ್ದರೆ ಸಮುದ್ರಕ್ಕೆ ಬಿಡುತ್ತಾರೆ. ಗಾಯವಾಗಿದ್ದರೆ ಆರೈಕೆ ಕೇಂದ್ರಕ್ಕೆ. ಕೆಲವು ಆಮೆ ಮತ್ತೆ ಮತ್ತೆ ಬರುತ್ತವೆ, ಬಿಲ್ಲೆ ನೋಡಿದರೆ ಗೊತ್ತಾಗುತ್ತದೆ. ನಾಲ್ಕೈದು ದಶಕದ ಈ ಲೆಕ್ಕ ಈಗ ಆಮೆ ವಿಜ್ಞಾನಕ್ಕೇ ಬಂಡವಾಳ.

ತೊಂದರೆ ಇಲ್ಲವೇ? ಇದೆ. ಪಾಚಿ ರಾಶಿ ರಾಶಿ ಬಂದರೆ ಬಲೆ ಉಬ್ಬಿ ಮೇಲ್ತುದಿ ಮುಳುಗುತ್ತದೆ, ಆಮೆ ಮೇಲಿಂದಲೇ ದಾಟುತ್ತದೆ. ಹೂಳು ತುಂಬಿ ಕಾಲುವೆ ಕಿರಿದಾದರೆ ಹರಿವಿನ ವೇಗ ಏರುತ್ತದೆ. ಪೈಪಿನೊಳಗೆ ಉರುಳುವಾಗ ಗೋಡೆಯ ಬಾರ್ನಕಲ್‌ಗೆ ಉಜ್ಜಿ ಚಿಪ್ಪು, ಚರ್ಮ ಕೆರೆದುಕೊಂಡು ಬರುವ ಆಮೆಗಳಿವೆ. ಎಲ್ಲಕ್ಕಿಂತ ದೊಡ್ಡದು, ಇದು ಜನ ನಡೆಸುವ ವ್ಯವಸ್ಥೆ. ವರ್ಷಪೂರ್ತಿ ತರಬೇತಿ ಪಡೆದ ತಂಡ ಬೇಕು. ಆ ತಂಡವನ್ನು ತೆಗೆದು ಬಲೆ ಮಾತ್ರ ಉಳಿಸಿದರೆ ಅದು ಕಾಲುವೆಯಲ್ಲಿ ಆಮೆಗಳನ್ನು ಕೂಡಿಹಾಕುವ ದೊಡ್ಡಿ, ಅಷ್ಟೇ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಕೊಂಡಿ. ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಸ್ಥಾವರದ ಗುತ್ತಿಗೆ ಕೆಲಸಗಾರ ಮನಸ್ಸಿಗೆ ಬಂದಂತೆ ಹಿಡಿದು ಸಾಗಿಸುವ ಹಾಗಿಲ್ಲ. ಅರಣ್ಯ ಇಲಾಖೆಯ ಅನುಮತಿ, ಅವರ ಜೊತೆ ಒಪ್ಪಂದ ಮೊದಲೇ ಆಗಿರಬೇಕು. ಆಮೆ ಸಿಕ್ಕ ದಿನ ಪತ್ರ ಬರೆಯಲು ಕೂತರೆ ಆಗದು.

ಪಂಪ್‌ಹೌಸಿನ ಸರಳು: ಎಲ್ಲರೂ ಆರಿಸೋದು ಇದನ್ನೇ

ಪ್ರತಿ ಪಂಪ್‌ಹೌಸಿನ ಮುಂದೆ ಕಸ ತಡೆಯುವ ಸರಳು ಹೇಗೂ ಇರುತ್ತದೆ. ‘ಅದನ್ನೇ ಆಗಾಗ ನೋಡುತ್ತೇವೆ’ ಅನ್ನೋದು ಅತಿ ಅಗ್ಗದ ದಾರಿ. ಹಲವು ವರ್ಷದ ಹಿಂದೆ ಒಂದು ಪಂಪ್‌ಹೌಸಿನಲ್ಲಿ (ಯಾವುದು ಅನ್ನೋದು ಬೇಡ) ಕಸ ಎತ್ತುವ ಯಂತ್ರ ಮೇಲೆ ಬರುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ತೆಂಗಿನ ಗರಿ, ಚಪ್ಪಲಿ, ನೀಲಿ ಹಗ್ಗ, ಅದರ ನಡುವೆ ಒಂದು ರಿಡ್ಲೆ. ಕಣ್ಣು ತೆರೆದಿತ್ತು, ಜೀವ ಇರಲಿಲ್ಲ. ಆಪರೇಟರ್ ಪಾಳಿ ಪುಸ್ತಕದಲ್ಲಿ ಬರೆದದ್ದು ‘ಕಸ, 1 ಟ್ರಾಲಿ’. ಅವರ ತಪ್ಪಲ್ಲ. ಆ ಪುಸ್ತಕದಲ್ಲಿ ಆಮೆಗೆ ಕಾಲಂ ಇರಲಿಲ್ಲ.

ಇದನ್ನೇ ಶಿಸ್ತಾಗಿ ಮಾಡಿದರೆ ಒಂದಿಷ್ಟು ಫಲ ಸಿಗುತ್ತದೆ. ಡೆಲಾವೇರ್ ಕೊಲ್ಲಿಯ ಪಕ್ಕದ ಸೇಲಂ ಅಣು ಸ್ಥಾವರದಲ್ಲಿ (ನಮ್ಮ ಪಕ್ಕದ ರಾಜ್ಯದ ಸೇಲಂ ಅಲ್ಲ) ಚಳಿಗಾಲದ ಮಂಜುಗಡ್ಡೆ ತಡೆಯಲು ಪಂಪಿನ ಮುಂದೆ ತಡೆಗೋಡೆ ಹಾಕುತ್ತಿದ್ದರು. ಬೇಸಿಗೆಯಲ್ಲೂ ಅದು ಅಲ್ಲೇ ಇರುತ್ತಿತ್ತು. ಒಳಗೆ ನುಗ್ಗಿದ ಆಮೆಗೆ ಹೊರದಾರಿ ಸಿಗುತ್ತಿರಲಿಲ್ಲ. 1993ರಿಂದ ಆಮೆಗಳ ಕಾಲದಲ್ಲಿ ಅದನ್ನು ತೆಗೆದಿಡತೊಡಗಿದರು, ಸಿಕ್ಕುವ ಆಮೆಗಳ ಸಂಖ್ಯೆ ಇಳಿಯಿತು. ಹೊಸದೇನೂ ಕಟ್ಟಲಿಲ್ಲ, ಇದ್ದದ್ದನ್ನು ತೆಗೆದರು. ಹಳೆಯ ಸ್ಥಾವರ, ಕೈಯಲ್ಲಿ ದುಡ್ಡಿಲ್ಲ ಅನ್ನುವವರು ಮೊದಲು ಹುಡುಕಬೇಕಾದ್ದು ಇಂಥದ್ದನ್ನೇ: ಆಮೆಗೆ ಹೊರದಾರಿ ಎಲ್ಲಿ ಮುಚ್ಚಿದೆ?

ಆದರೂ ಈ ದಾರಿಯ ಮಿತಿ ಗಡಿಯಾರದಲ್ಲಿದೆ. ಪಾಳಿಗೊಮ್ಮೆ ನೋಡಿದರೆ ಎಂಟು ಗಂಟೆ. ಮೊದಲು ಹೇಳಿದ 55 ನಿಮಿಷದ ಪಕ್ಕ ಇಟ್ಟು ನೋಡಿ.

ಗುಳ್ಳೆ, ಬೆಳಕು, ಸದ್ದು

ಇದರ ಬಗ್ಗೆ ಎರಡೇ ಮಾತು. ಗುಳ್ಳೆಗಳ ಪರದೆ ಮೀನಿಗೆ ಬಳಸುತ್ತಾರೆ. ಕೂಡಂಕುಳಂನಲ್ಲೂ ಮೀನು ರಕ್ಷಣೆಗೆ ಅಂಥ ವ್ಯವಸ್ಥೆ ಇದೆ. ಆಮೆ ಗುಳ್ಳೆಗೆ ಹೆದರಿ ಹಿಂದೆ ಸರಿಯುತ್ತದೆ ಅಂತ ನಂಬಿ ಬೇರೆಲ್ಲ ಬಿಡಬೇಡಿ. ಸದ್ದಿಗೂ ಅದೇ ಮಾತು. ಆಮೆಗೆ ಕೇಳಿಸೋದು ಮುಖ್ಯವಾಗಿ ತಗ್ಗಿನ ಸದ್ದು, ಪಂಪುಗಳ ಗುಂಯ್‌ಗುಡುವಿಕೆಯೂ ಅದೇ ಜಾತಿಯದ್ದು. ಮಾರುವವರು ಚೆಂದದ ವಿಡಿಯೊ ತೋರಿಸುತ್ತಾರೆ. ಬೇರೆ ದಾರಿಗೆ ಪೂರಕವಾಗಿ ಇಟ್ಟುಕೊಳ್ಳಬಹುದು, ಅದೊಂದನ್ನೇ ನೆಚ್ಚಿಕೊಳ್ಳಲಾಗದು.

ಹಾಗಾದರೆ ಯಾರಿಗೆ ಯಾವುದು?

ಸ್ಥಾವರ ಇನ್ನೂ ಕಾಗದದ ಮೇಲಿದ್ದರೆ, ಟವರ್ ಕೇಳಿ, ಜೊತೆಗೆ ಉಪ್ಪಿನ ಹನಿಯ ಲೆಕ್ಕ ಕೇಳಿ. ಅಷ್ಟು ಸಾಲದು ಅಂದರೆ ಬಾಯಿಯ ಜಾಗ ಬದಲಿಸಿ ಅನ್ನಿ. ಮೊಟ್ಟೆ ಇಡುವ ಮರಳಿನ ಎದುರಿಗೇ ಬಾಯಿ ಬೇಡ. ಕಾಗದದ ಮೇಲೆ ಗೆರೆ ಸರಿಸೋದು ಅತಿ ಅಗ್ಗದ ಸಂರಕ್ಷಣೆ. ನಿಂತ ಸ್ಥಾವರ, ಉದ್ದನೆ ತೆರೆದ ಕಾಲುವೆ, ಒಂದಿಷ್ಟು ದುಡ್ಡು ಇದ್ದರೆ ಓರೆ ಬಲೆ ಮತ್ತು ತಂಡ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ನಾರ್ತ್ ಕ್ಯಾರೊಲಿನಾದ ಬ್ರನ್ಸ್‌ವಿಕ್ ಸ್ಥಾವರದಂತೆ ಕಾಲುವೆ ಅಳಿವೆಯ ಕಡೆಗೆ ತೆರೆದುಕೊಂಡಿದ್ದರೆ, ಕಾಲುವೆಯ ಬಾಯಲ್ಲೇ ಜಾಲರಿಯ ಕಟ್ಟಡ ಕಟ್ಟಬಹುದು. ಅಲ್ಲಿ 1982ರಲ್ಲಿ ಅದನ್ನೇ ಮಾಡಿದರು. ಆಮೆ ಹೊರಗಿನ ತೆರೆದ ನೀರಲ್ಲೇ ಉಳಿಯುತ್ತದೆ, ಉಸಿರಿಗೂ ತೊಂದರೆ ಇಲ್ಲ. ಕಾಲುವೆಯೇ ಇಲ್ಲದೆ ಪೈಪು ನೇರ ಪಂಪಿಗೆ ಬರುವ ಕಡೆ ಮಾತ್ರ ಬೇರೆ ದಾರಿ ಇಲ್ಲ, ಬಾಯಿ ಅಗಲ ಮಾಡಿ ವೇಗ ಇಳಿಸಿ, ಅಲ್ಲೇ ಸರಳು ಹಾಕಬೇಕು.

ಸಣ್ಣ ಘಟಕವಾದರೆ ದಾರಿ ಸಲೀಸು. ಸಿಹಿನೀರು ಮಾಡುವ ಘಟಕಗಳಿಗೆ ಬೇಕಾದ ನೀರು ಅಣು ಸ್ಥಾವರದ ಹೋಲಿಕೆಯಲ್ಲಿ ತೀರ ಕಡಿಮೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನ ಅಂಥದ್ದೊಂದು ಘಟಕ ಇದೆ, ದಿನಕ್ಕೆ 3 ಕೋಟಿ ಲೀಟರ್ ಸಿಹಿನೀರಿನ ಸಾಮರ್ಥ್ಯದ್ದು. ಅದಕ್ಕೆ ಎರಡೂವರೆ, ಮೂರು ಪಟ್ಟು ಸಮುದ್ರದ ನೀರು ಎಳೆಯಬೇಕು ಅಂದುಕೊಂಡರೂ, ಸೇಂಟ್ ಲೂಸಿ ಅಷ್ಟನ್ನು ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಎಳೆದುಬಿಡುತ್ತದೆ. ಇಷ್ಟು ಕಡಿಮೆ ಹರಿವಿಗೆ ಕಿರುಸಂದಿನ ಜಾಲರಿ ಹಾಕಿ ವೇಗವನ್ನು 15 ಸೆಂ.ಮೀ.ಗಿಂತ ಕೆಳಗಿಡೋದು ಕಷ್ಟವಲ್ಲ. ಮರಳಿನಡಿಯ ಬಾವಿಯಿಂದ ನೀರು ತೆಗೆಯುವ ದಾರಿಯೂ ಇದೆ. ಇದನ್ನು ಹೇಳಲು ಕಾರಣ, 2024ರ ಆರಂಭದಲ್ಲಿ ಮಂಗಳೂರಿನ ಸುತ್ತ ಇದೇ ತಣ್ಣೀರುಬಾವಿ, ಸಸಿಹಿತ್ಲು ಕಡೆಯ ಮರಳಿನಲ್ಲಿ ರಿಡ್ಲೆ ಮೊಟ್ಟೆಗಳು ಸಿಕ್ಕು ಅರಣ್ಯ ಇಲಾಖೆ ಬೇಲಿ ಹಾಕಿ ಕಾದಿತ್ತು. ಹೊನ್ನಾವರ, ಕಾರವಾರದ ಕಡೆ ಇದು ಹಳೆಯ ಸುದ್ದಿ. (ಕೈಗಾ ಸ್ಥಾವರದ ಬಗ್ಗೆ ಕೇಳುವವರಿಗೆ: ಅದು ಕದ್ರಾ ಜಲಾಶಯದ ನೀರು ಬಳಸುತ್ತದೆ, ಸಮುದ್ರದ್ದಲ್ಲ.)

ಪಂಚಾಯಿತಿ ಸದಸ್ಯರಿಗೆ, ಅಹವಾಲು ಸಭೆಗೆ ಒಯ್ಯಲು ಇಷ್ಟು. ನೀರಿನ ಬಾಯಿ ಎಲ್ಲಿ, ಅಲ್ಲಿಂದ ಹತ್ತಿರದ ಮೊಟ್ಟೆ ಜಾಗ ಎಷ್ಟು ದೂರ, ನಕ್ಷೆಯಲ್ಲಿ ತೋರಿಸಿ ಅನ್ನಿ. ಅರ್ಧ ಜಾಲರಿ ಮುಚ್ಚಿದಾಗ ವೇಗ ಎಷ್ಟು ಅಂತ ಕೇಳಿ. ಮಳೆಗಾಲದಲ್ಲಿ ತೊಳೆಯೋದು ಹೇಗೆ, ಅರಣ್ಯ ಇಲಾಖೆ ಜೊತೆ ಒಪ್ಪಂದದ ಪ್ರತಿ ಎಲ್ಲಿ, ಸಿಕ್ಕ ಆಮೆಗಳ ಲೆಕ್ಕ ತಿಂಗಳಿಗೊಮ್ಮೆ ಪಂಚಾಯಿತಿ ಫಲಕದಲ್ಲಿ ಹಾಕುತ್ತೀರಾ ಅಂತ ಕೇಳಿ. ಉತ್ತರ ‘ಸೂಕ್ತ ಕ್ರಮ’ ಅಂತಲೇ ಬಂದರೆ ಒಂದೇ ಪ್ರಶ್ನೆ ಉಳಿಸಿಕೊಳ್ಳಿ, ಅದನ್ನು ನಡಾವಳಿಯಲ್ಲಿ ಬರೆಸಿ: ರಾತ್ರಿ ಎರಡು ಗಂಟೆಗೆ ಆ ಸರಳಿನ ಹತ್ತಿರ ಟಾರ್ಚ್ ಹಿಡಿದು ಯಾರು ನಿಂತಿರುತ್ತಾರೆ?